ಹಗೇವಿನಲ್ಲಿ ಬೆಳೆದ ಹರಳು

ಕೆಂಪು ತೆಗೆದ ಮೇಲೆ ರಕ್ತ ಹೇಗೆ ಕಾಣುತ್ತದೆ ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಅನ್ನ ಬಸಿದ ತಿಳಿಗಂಜಿಯ ಹಾಗೆ ಎನ್ನುತ್ತಿದ್ದೆ. ಎಪ್ಪತ್ತರ ದಶಕದ ಕೊನೆಗೆ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಹುಡುಗರು ಮನೆಗೆ ಹೋದ ಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡು ರಕ್ತದ ಕಣಗಳನ್ನು ಉಪ್ಪುನೀರಿನಲ್ಲಿ ತೊಳೆಯುತ್ತಿದ್ದೆ. ಬರೀ ನೀರು ಹಾಕಿ ಅವನ್ನು ಒಡೆದು, ಕ್ಲೋರೋಫಾರ್ಮು, ಸ್ಪಿರಿಟ್ಟು ಬೆರೆಸಿ ಕುಲುಕಿ ಇಡುತ್ತಿದ್ದೆ. ಕೆಂಪೆಲ್ಲ ಕಂದು ಗಸಿಯಾಗಿ ತಳ ಹಿಡಿಯುತ್ತಿತ್ತು. ಮೇಲೆ ನಿಂತ ತಿಳಿಯಲ್ಲಿ ನನಗೆ ಬೇಕಾದ ಕಿಣ್ವ ಇರುತ್ತಿತ್ತು.

ನಮ್ಮ ಮೈಯಲ್ಲಿ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ರಕ್ತದಲ್ಲಿ ಕರಗಿಸಿ ಪುಪ್ಪುಸದವರೆಗೆ ಹೊತ್ತೊಯ್ಯಲು ನೆರವಾಗುವ ಹಮಾಲ ಈ ಕಿಣ್ವ. ಅದರ ಮೈಯಲ್ಲಿ ಒಂದು ಆಳವಾದ ತಗ್ಗು, ತಗ್ಗಿನ ತಳದಲ್ಲಿ ಸತುವಿನ ಒಂದು ಪರಮಾಣು. ಕೆಲಸವೆಲ್ಲ ನಡೆಯುವುದು ಅಲ್ಲಿ. ಕಣ್ಣಿನ ಒತ್ತಡಕ್ಕೆ ಕೊಡುವ ಗುಳಿಗೆಗಳ ಜಾತಿಯ ಒಂದು ಔಷಧ ಆ ತಗ್ಗಿಗೆ ಇಳಿದು ಕೂತರೆ ಕಿಣ್ವ ಕೈಕಟ್ಟಿ ನಿಲ್ಲುತ್ತದೆ. ಪುಸ್ತಕದವರು ಅದಕ್ಕೆ ಪ್ರತಿಬಂಧಕ ಎನ್ನುತ್ತಾರೆ, ನಾನು ಬಿರಡೆ ಎನ್ನುತ್ತಿದ್ದೆ. ಬರಿಯ ಕಿಣ್ವದ ರಚನೆಯನ್ನು ಪರದೇಶದವರು ಆಗಲೇ ಕಂಡುಹಿಡಿದಿದ್ದರು. ಬೆಂಗಳೂರಿನ ನನ್ನ ಗುರುಗಳ ಬಳಿ ಹೊಸದೊಂದು ಬಿರಡೆ ಇತ್ತು. ಅದು ತಗ್ಗಿನಲ್ಲಿ ಹೇಗೆ ಕೂರುತ್ತದೆ ಎಂದು ನೋಡುವುದು ನನ್ನ ಪಾಲಿಗೆ ಬಂದ ಕೆಲಸ.

ನೋಡಬೇಕಾದರೆ ಬಿರಡೆ ಹಾಕಿದ ಕಿಣ್ವ ಹರಳುಗಟ್ಟಬೇಕು. ಹರಳು ಗಸಗಸೆ ಕಾಳಿನಷ್ಟಾದರೂ ಇರಬೇಕು. ಹಾಗಿದ್ದರೆ ಕ್ಷ-ಕಿರಣ ಹಾಯಿಸಿ ಫೋಟೋ ತೆಗೆಯಬಹುದು. ಮೂರು ವರ್ಷದಿಂದ ನನಗೆ ಸಿಕ್ಕಿದ್ದು ಗಸಿ, ಪುಡಿ, ಇಲ್ಲವೆ ತಿಳಿನೀರು. ಹಿಂದಿನ ರಜೆಯಲ್ಲಿ ಬರಿಗೈಯಲ್ಲಿ ಹೋದಾಗ ಗುರುಗಳು ಮೆತ್ತಗೆ, "ಬೇಸಿಗೆಯಲ್ಲಿ ಯಂತ್ರ ನಿಮಗೇ ಮೀಸಲಿಡ್ತೀನಮ್ಮ. ಆಗಲೂ ಹರಳು ಬರದಿದ್ದರೆ ಈ ವಿಷಯ ಇನ್ನೊಬ್ಬರಿಗೆ ಕೊಡೋಣ" ಎಂದಿದ್ದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ರಕ್ತ ಕಲಾದಗಿಯ ಒಬ್ಬ ಹಿರಿಯರದು. ಮೈಯಲ್ಲಿ ರಕ್ತ ಅತಿಯಾಗಿ ಹುಟ್ಟುವ ರೋಗ ಅವರಿಗೆ. ಮುಖ ಸದಾ ಕೆಂಡದ ಬಣ್ಣ. ಬಾಗಲಕೋಟೆಯ ದವಾಖಾನೆಗೆ ಆಗಾಗ ಬಂದು ಬಾಟಲಿಗಟ್ಟಲೆ ರಕ್ತ ತೆಗೆಸಿಕೊಂಡು ಹೋಗುತ್ತಿದ್ದರು, ಅದು ಮೋರಿಗೆ ಹೋಗುತ್ತಿತ್ತು. ನಾನು ಕೇಳಿದಾಗ ಡಾಕ್ಟರು ಅವರತ್ತ ನೋಡಿದರು. ಅವರು ಕಂಬಳಿ ಸರಿಪಡಿಸಿಕೊಂಡು, "ಚೆಲ್ಲೂದು ಬೇಕಂದ್ರ ಒಯ್ರಿ ಅಕ್ಕಾರ" ಎಂದರು. ಅಂದಿನಿಂದ ಅವರು ನನಗೆ ಕಾಕಾ. ಮನೆಯವರು ಬೀರಪ್ಪನ ಒಕ್ಕಲು, ಒಂದಿಷ್ಟು ಹೊಲ, ಒಂದಿಷ್ಟು ಕುರಿ.

ಒಮ್ಮೆ ಅವರು ಲ್ಯಾಬಿಗೇ ಬಂದರು. ನಾನು ಒಂದು ಗೋಲಿ ಸೋಡಾ ತರಿಸಿದೆ. ಗಾಜಿನ ಲೋಟದಲ್ಲಿ ನೀಲಿ ಬಣ್ಣದ ದ್ರವಕ್ಕೆ ತಣ್ಣನೆಯ ಸೋಡಾ ಹಾಕಿದರೆ, ಸೋಡಾದೊಳಗಿನ ಇಂಗಾಲದ ಡೈಆಕ್ಸೈಡು ಹುಳಿಯಾದಂತೆಲ್ಲ, ನೀಲಿ ಮೆಲ್ಲಗೆ ಹಳದಿಯಾಗುತ್ತದೆ. ಅವರ ರಕ್ತದ ತಿಳಿಯ ಒಂದು ಹನಿ ಸೇರಿಸಿ ಅದನ್ನೇ ಮಾಡಿದೆ. ರೆಪ್ಪೆ ಬಡಿಯುವುದರೊಳಗೆ ಹಳದಿ. ಮೂರನೆಯ ಲೋಟದಲ್ಲಿ ಬಿರಡೆಯನ್ನೂ ಹಾಕಿದೆ. ಮತ್ತೆ ಮೆಲ್ಲಗೆ. ಕಾಕಾ ಮೂರೂ ಲೋಟಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು.

"ಅಂದ್ರ ಕೆಟ್ಟ ಗಾಳಿ ಹೊರಗ ಹಾಕೂದು ಇದರ ಕೆಲಸ ಅಂತೀರಿ."

"ಹೌದ್ರಿ ಕಾಕಾರ."

"ಸುತ್ತಲೂ ಬರೇ ಕೆಟ್ಟ ಗಾಳಿನ ಇದ್ರ? ಆಗೂ ದುಡೀತೈತೇನ್ರಿ?"

"ದುಡೀತೈತ್ರಿ. ಆದ್ರ ಏನೂ ಉಪೇಗಾಗೂದಿಲ್ಲ."

ಆಗ ಅವರು ತಮ್ಮನ ವಿಷಯ ಹೇಳಿದರು. ಅವರ ಮನೆಯ ಅಂಗಳದಲ್ಲಿ ಒಂದು ಹಗೇವು ಇದೆ, ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಆಳು ಹಿಡಿಸುವಷ್ಟು, ಒಳಗೆ ದೊಡ್ಡ ಹೊಟ್ಟೆ. ಒಂದು ವರ್ಷ ಜೋಳ ತೆಗೆಯಲು ಕಿರಿಯ ತಮ್ಮ ಇಳಿದ, ಇವರು ಮೇಲೆ ಹಗ್ಗ ಹಿಡಿದಿದ್ದರು. ಅವನು ಕೂಗಲಿಲ್ಲ, ಹಗ್ಗ ಜಗ್ಗಲಿಲ್ಲ. ಇವರು ಬಗ್ಗಿ ನೋಡಿದಾಗ ಜೋಳದ ಮೇಲೆ ಮಲಗಿದ್ದ. ಊರವರು ಬಂದು ಮೇಲೆ ತೆಗೆದಾಗ ಜೀವ ಇರಲಿಲ್ಲ, ಆಮೇಲೆ ಮುಚ್ಚಿದ ಹಗೇವನ್ನು ಯಾರೂ ತೆಗೆದಿಲ್ಲ. ಹಗ್ಗ ಹಿಡಿದವನು ಏನು ಮಾಡುತ್ತಿದ್ದ ಎಂದು ಊರು ಕೇಳಿತು. "ಊರು ಕೇಳೂದು ಬಿಟ್ಟೈತ್ರಿ. ನಾ ಬಿಟ್ಟಿಲ್ಲ" ಎಂದರು ಕಾಕಾ.

ನನಗೆ ಪಾಪ ಎನಿಸಿತು, ನಿಜ. ಆದರೆ ನನ್ನ ತಲೆಯಲ್ಲಿ ಹರಳಿನದೇ ಹುಳ. ಬಾಗಲಕೋಟೆಯ ಬಿಸಿಲಿಗೆ, ಹರಳುಗಟ್ಟಲೆಂದು ನಾನು ಇಟ್ಟ ಕಿಣ್ವದ ಹನಿಗಳು ಹಗಲು ಕಾದು ರಾತ್ರಿ ಆರುತ್ತಿದ್ದವು. ಫ್ರಿಜ್ಜು ಕರೆಂಟಿನ ಮರ್ಜಿಯಲ್ಲಿತ್ತು. ಇಳಕಲ್ಲಿನ ತವರಿಗೆ ಒಯ್ದು, ನೇಯ್ಗೆ ನಿಂತುಹೋದ ಕುಣಿಮಗ್ಗದಲ್ಲಿ ನೇಕಾರ ಕಾಲಿಳಿಬಿಡುವ ಕುಣಿಯಲ್ಲಿ ಇಟ್ಟು ನೋಡಿದೆ. ಊರಾಚೆ ಕಲ್ಲಿನ ಗಣಿಯಲ್ಲಿ ಮದ್ದು ಸಿಡಿದಾಗಲೆಲ್ಲ ನೆಲ ನಡುಗಿ, ಹನಿಯ ತುಂಬ ಸಕ್ಕರೆ ಪುಡಿಯಂತೆ ಸಣ್ಣ ಹರಳು ಉದುರಿದವು. ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ಅಳು ಬಂದಿತ್ತು. ಬಾದಾಮಿಯಲ್ಲಿ ಒಬ್ಬರ ಕಲ್ಲಿನ ನೆಲಮಾಳಿಗೆ ತಂಪಾಗಿತ್ತು. ಅಲ್ಲಿ ಮಂಗಗಳು ಡಬ್ಬಿಯನ್ನೇ ಎತ್ತಿಕೊಂಡು ಹೋದವು. ತಿನ್ನಲು ಏನೂ ಇಲ್ಲವೆಂದು ತಿಳಿದು ಗುಡ್ಡದ ಮೇಲಿಂದ ಬಿಸಾಕಿದವು.

ಮಂಗನ ಕಥೆ ಕೇಳಿ ಕಾಕಾ ನಗಲಿಲ್ಲ. "ಬ್ಯಾಸಗ್ಯಾಗ ತಂಪು, ಚಳ್ಯಾಗ ಬೆಚ್ಚಗ, ಅಲುಗಾಡೂದಿಲ್ಲ. ಅಂಥಾದ್ದು ಬೇಕಲ್ರಿ ನಿಮಗ? ನಮ್ಮ ಹಗೇವಿನ್ಯಾಗ ಇಡ್ರಿ."

"ಅದನ್ನ ಯಾರೂ ತಗಿಯೂದಿಲ್ಲ ಅಂದ್ರಿ?"

"ನಿಮಗ ತಗದ್ ಕೊಡ್ತೇನಿ."

ಕಲಾದಗಿಯ ಆ ಅಂಗಳದಲ್ಲಿ ಕಾಲಿಟ್ಟ ಕೂಡಲೆ ನನಗೆ ಒಂದು ವಿಷಯ ಕಂಡಿತು. ಮನೆಯವರೆಲ್ಲ ಬಾಗಿಲಿಗೆ ನೇರವಾಗಿ ನಡೆಯದೆ ಒಂದು ಹಾಸುಗಲ್ಲನ್ನು ಸುತ್ತಿ ಹೋಗುತ್ತಿದ್ದರು. ಅರಿವೆ ಒಣಹಾಕುವ ಹಗ್ಗವನ್ನೂ ಅದರ ಮೇಲೆ ಹಾಯದಂತೆ ಓರೆಯಾಗಿ ಕಟ್ಟಿದ್ದರು. ಹಗೇವಿನ ಬಾಯಿ ಅದು. ಕಾಕಾನ ಹೆಂಡತಿ, ನಾನು ಕಾಕು ಎನ್ನುತ್ತಿದ್ದೆ, ಕಲ್ಲಿನ ಮೇಲೆ ಬೀರಪ್ಪನ ಭಂಡಾರದ ಅರಿಸಿನ ಎರಚಿ, ನನ್ನ ಮುಖ ನೋಡದೆ ಒಳಗೆ ಹೋದರು. ಕಲ್ಲು ಎಬ್ಬಿಸಿದಾಗ ಒಳಗಿನಿಂದ ವಾಸನೆಯೇ ಬರಲಿಲ್ಲ. ಮಣ್ಣಿನ ವಾಸನೆಯೂ ಇಲ್ಲ. ತಮ್ಮ ಸತ್ತ ಮೇಲೆ ಆ ಜೋಳವನ್ನು ಹೊಳೆಗೆ ಚೆಲ್ಲಿದ್ದರಂತೆ, ಅಂದಿನಿಂದ ಖಾಲಿ. ಒಂದು ದಿನ ಗಾಳಿಗೆ ಬಿಟ್ಟು, ಕಂದೀಲು ಇಳಿಸಿ ನೋಡಿದೆವು. ತಳದವರೆಗೂ ಉರಿಯಿತು. ಬಾಯಿಯ ಕೆಳಗೆ ಗೋಡೆಯಲ್ಲಿ ಒಂದು ಗೂಡು ಇತ್ತು, ಬಗ್ಗಿದರೆ ಕೈಗೆ ಎಟಕುತ್ತಿತ್ತು. ಕುಳಿಗಳಿದ್ದ ಗಾಜಿನ ತಟ್ಟೆಯಲ್ಲಿ ಹನಿಗಳನ್ನು ಇಟ್ಟು, ಡಬ್ಬಿಯ ಮುಚ್ಚಳಕ್ಕೆ ಗ್ರೀಸು ಸವರಿ, ಅಲ್ಲಿಟ್ಟು ಬಂದೆ.

ಮೊದಲ ಸಲ ತೆಗೆದಾಗ ಹನಿಗಳು ಇಟ್ಟಂತೆಯೇ ಇದ್ದವು. ಎರಡು ಡಬ್ಬಿಯಲ್ಲಿ ಹೊಸ ಹನಿ ಇಟ್ಟೆ. ಎರಡನೆಯ ಸಲ ಹೋದಾಗ ಡಬ್ಬಿಯನ್ನು ಪಡಸಾಲೆಗೆ ತಂದು, ಚೀಲದಲ್ಲಿ ಹೊತ್ತೊಯ್ದಿದ್ದ ಮೈಕ್ರೋಸ್ಕೋಪಿನ ಕೆಳಗೆ ತಟ್ಟೆ ಸರಿಸಿದೆ. ಬಿರಡೆ ಹಾಕಿದ ಹನಿಗಳಲ್ಲಿ ಹರಳು ಇದ್ದವು. ಚೂಪಾದ ಅಂಚು, ನೀರಿಗಿಂತ ತುಸು ಗಟ್ಟಿ ಬೆಳಕು. ಮೂರು ವರ್ಷ ಕಾದ ಕಣ್ಣು ನನ್ನದು. ಹರಳನ್ನು ಎತ್ತಲು ಗಾಜಿನ ಸಣ್ಣ ನಳಿಗೆ ಹುಡುಕಿ ತಿರುಗಿ ಕಣ್ಣಿಟ್ಟೆ. ಅಂಚು ಮೊಂಡಾಗಿತ್ತು. ನೋಡುತ್ತಿದ್ದಂತೆಯೇ ಮೂಲೆಗಳು ಸವೆದವು. ಮೈ ತೆಳುವಾಯಿತು. ಒಂದಾದ ಮೇಲೊಂದು, ಯಾರೋ ಒಳಗಿನಿಂದ ಹೀರಿಕೊಂಡ ಹಾಗೆ, ಎಲ್ಲ ಹರಳುಗಳೂ ಹೋದವು. ಉಳಿದದ್ದು ತಿಳಿ ಹನಿ.

ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ಹಿಂದೆ ತಿರುಗಿ ಅಂಗಳದ ಆ ಕಪ್ಪು ಬಾಯಿ ನೋಡಿದೆ. ಅಲ್ಲಿ ಕೆಳಗೆ ಇದ್ದುದೇನೋ ಇಲ್ಲಿ ಮೇಲೆ ಇರಲಿಲ್ಲ. ಹರಳಿಗೆ ಅದು ಬೇಕಾಗಿತ್ತು. ಗೂಡಿನಲ್ಲಿ ಇನ್ನೊಂದು ಡಬ್ಬಿ ಇತ್ತು. ಅದನ್ನು ಎತ್ತಿ ಬಾಯಿಯ ಬಳಿಯೇ ತೆರೆದು, ಹುಳಿ-ಕ್ಷಾರ ತೋರಿಸುವ ಕಾಗದದ ಚೂರನ್ನು ಹನಿಗೆ ಮುಟ್ಟಿಸಿದೆ. ಇಡುವಾಗ ಇದ್ದುದಕ್ಕಿಂತ ಹನಿ ಹುಳಿಯತ್ತ ಇಳಿದಿತ್ತು.

"ಕಾಕು, ಈ ಸಲ ಒಳಗ ಏನರ ಮಾಡಿದ್ರೇನ್ರಿ?"

ಕಾಕು ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. "ಉಡಿ ತುಂಬೇನಿ."

"ಯಾರ್ದು?"

"ಹಗೇವಿಂದು. ತಗದ ಹಗೇವು ಖಾಲಿ ಮುಚ್ಚಬಾರ್ದವ್ವಾ. ಖಾಲಿ ಇದ್ರ ತಾನ ತುಂಬಿಕೊಳ್ಳಾಕ ನೋಡ್ತೈತಿ. ನೀ ಹ್ವಾದ ಮ್ಯಾಲ ಎರಡು ಚೀಲ ಹೊಸಾ ಜ್ವಾಳ ಸುರುವೇನಿ. ಭಂಡಾರ ಹಾಕೇನಿ. ನಿನ್ನ ಡಬ್ಬಿ ಮುಟ್ಟಿಲ್ಲ."

ಬಸುರಿಗೆ, ಮದುಮಗಳಿಗೆ, ಭೂಮಿತಾಯಿಗೆ ಉಡಿ ತುಂಬುವುದು ನಮ್ಮ ಕಡೆ ಗೊತ್ತಿದ್ದದ್ದೇ. ಹಗೇವಿಗೂ ತುಂಬುತ್ತಾರೆಂದು ನಾನು ಕೇಳಿರಲಿಲ್ಲ. ಕಾಕು ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕುವಷ್ಟರಲ್ಲಿ ನನಗೆ ಎಲ್ಲ ತಿಳಿಯಿತು. ಜೋಳವೂ ಉಸಿರಾಡುತ್ತದೆ. ಹೊಸ ಜೋಳ, ಇನ್ನೂ ಹಸಿ ಆರದ್ದು, ಹೆಚ್ಚು ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಅದು ಬಿಟ್ಟ ಉಸಿರೆಲ್ಲ ಇಂಗಾಲದ ಡೈಆಕ್ಸೈಡಾಗಿ ಕೆಳಗೇ ನಿಲ್ಲುತ್ತದೆ. ಮುಚ್ಚಳದ ಗ್ರೀಸಿನ ಸಂದಿಯಲ್ಲಿ ಅದು ಮೆಲ್ಲಗೆ ನುಸುಳಿ, ಹನಿಯಲ್ಲಿ ಕರಗಿ, ಹನಿಯನ್ನು ಹುಳಿಯತ್ತ ಇಳಿಸಿತ್ತು. ಆ ಹುಳಿಯಲ್ಲಿ ಕಟ್ಟಿದ ಹರಳು, ಮೇಲೆ ತಂದು ಗಾಳಿ ಹಾರಿಹೋದೊಡನೆ ಕರಗಿತ್ತು. ನಾನು ಮೂರು ವರ್ಷ ಹುಡುಕಿದ್ದು ತಂಪನ್ನಲ್ಲ, ನಿಶ್ಚಲವಾದ ನೆಲವನ್ನೂ ಅಲ್ಲ. ಕಾಕಾನ ತಮ್ಮನನ್ನು ಕೊಂದ ಗಾಳಿಯನ್ನು ಹುಡುಕುತ್ತಿದ್ದೆ.

ಕಾಕಾಗೆ ಇದನ್ನು ಹೇಳಲು ನನಗೆ ಧೈರ್ಯ ಬೇಕಾಯಿತು. ಅವರು ಕೇಳಿ, "ಜ್ವಾಳದ ಉಸಿರು" ಎಂದು ಎರಡು ಸಲ ತಮಗೆ ತಾವೇ ಅಂದುಕೊಂಡರು.

ಕಾರಣ ತಿಳಿದ ಮೇಲೆ ಹಗೇವು ಯಾಕೆ ಎಂದು ಲ್ಯಾಬಿನಲ್ಲೇ ಸೋಡಾಪುಡಿ, ಆಸಿಡ್ಡು ಸೇರಿಸಿ ಗಾಳಿ ಎಬ್ಬಿಸಿ ನೋಡಿದೆ. ಗಾಳಿ ಭರ್ರೆಂದು ಬಂದು ಹನಿಗಳೆಲ್ಲ ಗಸಿಯಾದವು. ಅವಸರ ಅದಕ್ಕೆ ಆಗಿಬರಲಿಲ್ಲ. ಅಷ್ಟರಲ್ಲಿ ಡಾಕ್ಟರು ಕಾಕಾಗೆ ಗುಳಿಗೆ ಶುರು ಮಾಡಿ ರಕ್ತ ತೆಗೆಯುವುದನ್ನು ನಿಲ್ಲಿಸಿದರು. ಕಾಕಾಗೆ ಒಳ್ಳೆಯದೇ ಆಯಿತು. ನನ್ನ ಬಳಿ ಉಳಿದದ್ದು ಹೆಬ್ಬೆರಳಷ್ಟು ಸೀಸೆಯ ತಳದಲ್ಲಿ ಒಂದಿಷ್ಟು ಕಿಣ್ವ. ಬೆಂಗಳೂರಿನ ಯಂತ್ರದ ಸರದಿ ಹತ್ತಿರ ಬಂದಿತ್ತು. ಕೊನೆಯ ಸಲ ಹಗೇವಿನಲ್ಲೇ ಇಡುವುದೆಂದು ನಿರ್ಧರಿಸಿದೆ.

ಕಾಕು ಒಂದೇ ಮಾತು ಹೇಳಿದರು. "ಇಡು. ಯಾರೂ ಇಳಿಯೂದಿಲ್ಲ ಅಂತ ನನ್ನ ಮುಂದ ಹೇಳಿ ಇಡು."

ಹೇಳಿದೆ. ಗಾಳಿ ದಟ್ಟವಾಗಿರುವುದು ಕೆಳಗೆ. ಹಾಗಾಗಿ ಡಬ್ಬಿಯನ್ನು ಬುಟ್ಟಿಯಲ್ಲಿಟ್ಟು ಸೆಣಬಿನ ಹುರಿಯಿಂದ ಜೋಳದ ಮೇಲೆ ಗೇಣೆತ್ತರದಲ್ಲಿ ತೂಗುಬಿಟ್ಟೆವು. ಹುರಿಯ ತುದಿ ಬಾಯಿಯ ಬಳಿ ಗೂಟಕ್ಕೆ ಕಟ್ಟಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದೆವು. ಜಗ್ಗಿದರೆ ಬುಟ್ಟಿ ಮೇಲೆ ಬರಬೇಕು, ಅಷ್ಟೇ.

ತೆಗೆಯುವ ದಿನ ಬೆಳಗಿನ ಬಸ್ಸಿಗೆ ಹೋದೆ. ಮರುದಿನ ಸಂಜೆ ಬಾಗಲಕೋಟೆಯಿಂದ ರೈಲು. ಕಾಕಾ ಕಲ್ಲು ಸರಿಸಿದರು. ನಾನು ಹುರಿ ಜಗ್ಗಿದೆ. ಹುರಿ ಹಗುರಾಗಿ ಬಂತು, ತುದಿ ಕೊಳೆತು ಕಡಿದಿತ್ತು. ಜೋಳದ ಕಾವಿಗೆ, ಪಸೆಗೆ ಸೆಣಬು ತಡೆದಿರಲಿಲ್ಲ. ಕನ್ನಡಿಯಿಂದ ಬಿಸಿಲು ಒಳಗೆ ಬಿಟ್ಟು ನೋಡಿದರೆ, ಬುಟ್ಟಿ ಮಗುಚದೆ ಜೋಳದ ಮೇಲೆ ಕೂತಿತ್ತು. ಎರಡಾಳು ಆಳ, ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಹಗ್ಗಕ್ಕೆ ಕೊಕ್ಕೆ ಕಟ್ಟಿ ಎಳೆದರೆ ಮಗುಚಿ ಹನಿಗಳೆಲ್ಲ ಚೆಲ್ಲುತ್ತಿದ್ದವು.

ಕಾಕಾ ಕಂದೀಲು ಇಳಿಸಿದರು. ಬಾಯಿಯಿಂದ ಒಂದು ಮೊಳ ಕೆಳಗೆ ಅದು ಆರಿತು. ಅಲುಗಾಡದೆ, ಸೊಡರು ಸಣ್ಣಗಾಗದೆ, ಕತ್ತರಿಸಿದಂತೆ. ಆರಿದ ಬತ್ತಿಯ ಹೊಗೆ ಮೇಲೆ ಬರಲಿಲ್ಲ, ಕೆಳಗೂ ಇಳಿಯಲಿಲ್ಲ. ಹಾಲಿನ ಮೇಲೆ ಕೆನೆ ನಿಂತ ಹಾಗೆ ಹಗೇವಿನ ಅಗಲಕ್ಕೂ ಹರಡಿ ನಿಂತಿತು. ಭಾರವಾದ ಗಾಳಿಯ ಮೇಲ್ಮೈ ಅದು ಎಂದು ನನಗೆ ಗೊತ್ತು, ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದೇನೆ. ಆದರೂ ಆ ಬೂದು ಹೊದಿಕೆಯ ಕೆಳಗೆ ಏನೋ ಮಲಗಿದೆ ಎನಿಸದಿರಲಿಲ್ಲ.

"ನಾ ಉಸಿರು ಹಿಡದು ಇಳೀತೇನ್ರಿ ಕಾಕಾರ. ಬುಟ್ಟಿ ಹಿಡದು ಜಗ್ಗಿದ್ ಕೂಡ್ಲೇ ಎಳೀರಿ. ಗಾಳಿಗೆ ಬಿಟ್ರ ಹರಳು ಕರಗ್ತಾವು. ಅವತ್ತ ನಿಮಗ ಹೇಳೇನಲ್ರಿ."

ಕಾಕಾ ಹಗ್ಗವನ್ನು ಸುರುಳಿ ಸುತ್ತಿ ನೆಲದ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟರು. "ಅವನೂ ಉಸಿರು ಹಿಡದ ಇಳದಿದ್ದ" ಎಂದರು.

ನನಗೆ ಸಿಟ್ಟು ಬಂತು. ಹಗ್ಗದ ಮೇಲೆ ಕೂತ ಆ ಮನುಷ್ಯನನ್ನು ಎಬ್ಬಿಸಿ ದಬ್ಬಬೇಕೆನಿಸಿತು. ಕೆಳಗಿದ್ದದ್ದು ಬರೀ ಹನಿಯಲ್ಲ, ನನ್ನ ಮೂರು ವರ್ಷ. ಇನ್ನೊಂದು ಸಲಕ್ಕೆ ರಕ್ತವಿಲ್ಲ, ಯಂತ್ರವಿಲ್ಲ, ವಿಷಯವೂ ಉಳಿಯುವುದಿಲ್ಲ. ಅವರ ಮುಖ ನೋಡಿದೆ. ಯಾವಾಗಲೂ ಕೆಂಪಗಿರುವ ಮುಖ ಬಿಳಿಚಿತ್ತು. ನಾನು ಇಳಿದು ಹಗ್ಗ ಜಗ್ಗದೇ ಹೋದರೆ ಇವರು ಇನ್ನೊಮ್ಮೆ ಬದುಕಬೇಕಾದದ್ದು ಏನೆಂದು ಆಗ ಹೊಳೆಯಿತು.

"ಆತ್ರಿ. ಗಾಳಿ ತಗೀರಿ" ಎಂದೆ.

ಗಾಳಿ ತೆಗೆಯುವುದನ್ನು ನಾನು ಆ ದಿನವೇ ನೋಡಿದ್ದು. ಕಾಕಾ ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಬಾವಿಯಲ್ಲಿ ಕೊಡ ಮುಳುಗಿಸಿದಂತೆ ಇಳಿಸಿ ಎತ್ತುತ್ತಿದ್ದರು. ಕಾಕು ಬಕೆಟ್ಟು ಇಳಿಸಿ ಮೇಲೆಳೆದು ಅಂಗಳದಲ್ಲಿ ಸುರಿಯುತ್ತಿದ್ದರು. ಬಕೆಟ್ಟಿನಲ್ಲಿ ಏನೂ ಇರಲಿಲ್ಲ. ಆದರೂ ನೀರು ಚೆಲ್ಲಿದ ಹಾಗೆ ಜೋಪಾನವಾಗಿ ದೂರ ಸುರಿಯುತ್ತಿದ್ದರು. ಅಂಗಳದ ಮೂಲೆಯಲ್ಲಿ ಬೀರಪ್ಪನಿಗೆಂದು ಹಚ್ಚಿಟ್ಟ ಹಣತೆ ಇತ್ತು. ಒಮ್ಮೆ ಕಾಕು ಅದರ ಬಳಿ ಸುರಿದರು. ಎಲೆಯೂ ಅಲುಗಾಡದ ಹೊತ್ತಿನಲ್ಲಿ ಹಣತೆ ಆರಿತು. ಕಾಕು ನಿಂತು ನೋಡಿ, ಮತ್ತೆ ಹಚ್ಚಿ, ಬಕೆಟ್ಟು ಎತ್ತಿಕೊಂಡರು. ನಾನು ಮನಸ್ಸಿನಲ್ಲಿ ಹರಳಿನ ಅಂಚು ಸವೆಯುವುದನ್ನು ನೋಡುತ್ತ ಹಗೇವಿನ ಬಾಯಿಗೆ ಬೇವಿನ ಸೊಪ್ಪಿನಿಂದ ಗಾಳಿ ಬೀಸುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಕಂದೀಲು ತಳ ಮುಟ್ಟಿ ಉರಿಯಿತು. ಕಾಕಾ ಅದನ್ನು ಮೂರು ಸಲ ಇಳಿಸಿ ನೋಡಿದರು. ಅವರು ಇಳಿಯಲು ಹೊರಟಾಗ ನಾನೇ ತಡೆದೆ. ತಟ್ಟೆ ಹಿಡಿಯುವ ರೀತಿ ನನಗೆ ಗೊತ್ತಿತ್ತು, ಮೇಲೆಳೆಯುವ ಕಸುವು ಅವರಿಗಿತ್ತು.

"ಹಂಗಾರ ಒಂದು ಮಾತು. ಬಾಯಿ ಮುಚ್ಚಬ್ಯಾಡ್ರಿ. ಏನರ ಅನಕೋತನ ಇರ್ರಿ. ಸುಮ್ಮನಾದ್ರ ಎಳೀತೇನಿ."

ಸೀರೆಯ ಕಚ್ಚೆ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಏಳರ ಮಗ್ಗಿ ಹೇಳುತ್ತ ಇಳಿದೆ. ಬಾಯಿ ದಾಟಿದ ಮೇಲೆ ಗೋಡೆ ಕಾಲಿಗೆ ಸಿಗಲಿಲ್ಲ, ತೂಗಾಡಿದೆ. ನನ್ನ ದನಿ ಗೋಡೆಗೆ ತಾಗಿ ಮರಳಿ ಬರಬೇಕಿತ್ತು, ಬರಲಿಲ್ಲ. ಹೊಟ್ಟು ಹಾಸಿದ ಗೋಡೆ ಅದನ್ನು ನುಂಗುತ್ತಿತ್ತು. ಪಾದ ಜೋಳಕ್ಕೆ ತಾಗಿದಾಗ ಜೋಳ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ. ಬುಟ್ಟಿಗೆ ಬಗ್ಗಿದೆ. ಬಗ್ಗಿದಾಗ ಉಸಿರು ತಾನೇ ಏರಿತು. ಜೋಳದ ಮೇಲೆ ಇನ್ನೂ ಒಂದು ಪದರ ಉಳಿದಿತ್ತು ಎಂದು ಮನಸ್ಸು ಹೇಳಿತು. ಆದರೆ ಅದು ನನ್ನ ಉಸಿರಿನಂತೆ ಕೇಳಿಸಲಿಲ್ಲ, ಪಕ್ಕದಲ್ಲಿ ಇನ್ನೊಬ್ಬರು ಏದುಸಿರು ಬಿಡುತ್ತಿದ್ದಂತೆ ಕೇಳಿಸಿತು. ಡಬ್ಬಿ ಎದೆಗೆ ಅವಚಿ ತಿರುಗಿ ನೋಡಿದೆ. ಮಗ್ಗಿ ಎಲ್ಲಿ ನಿಂತಿತೋ ನನಗೆ ಗೊತ್ತಿಲ್ಲ.

ಹಗ್ಗ ಸೊಂಟ ಕತ್ತರಿಸುವಂತೆ ಬಿಗಿಯಿತು. ಮೇಲೆ ಬಂದು ಬಿದ್ದಾಗ ಕಾಕಾ ಹಗ್ಗವನ್ನು ಇನ್ನೂ ಎಳೆಯುತ್ತಲೇ ಇದ್ದರು. ಕಾಕು ಅವರ ಕೈ ಹಿಡಿದು ಬಿಡಿಸಿದರು.

ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಹನಿಗಳು ಒಂದೊಂದೇ ತಿಳಿಯಾಗಿದ್ದವು. ಕೊನೆಯ ಸಾಲಿನಲ್ಲಿ ಒಂದು ಹರಳು ಉಳಿದಿತ್ತು, ಗಸಗಸೆಗಿಂತ ದೊಡ್ಡದು. ಅದರ ಮೂಲೆಗಳೂ ಆಗಲೇ ಮೊಂಡಾಗುತ್ತಿದ್ದವು. ಆ ಗಾಳಿ ಮತ್ತೆ ಬೇಕು, ಈಗಲೇ ಬೇಕು. ಇನ್ನೆಲ್ಲಿದೆ ಅದು? ಆಗ ತಲೆ ಓಡಿತು. ನಾವು ಬಿಡುವ ಉಸಿರೂ ಅದೇ ಗಾಳಿಯೇ ಅಲ್ಲವೆ, ತುಸು ತೆಳು ಅಷ್ಟೆ. ನನಗೆ ಏದುಸಿರು ನಿಂತಿರಲಿಲ್ಲ. ಡಬ್ಬಿಯ ಅಂಚಿಗೆ ರಬ್ಬರ್ ನಳಿಗೆ ತೂರಿಸಿ ಇನ್ನೊಂದು ತುದಿಯನ್ನು ಕಾಕಾನ ಕೈಗೆ ಕೊಟ್ಟೆ.

"ಮೆಲ್ಲಕ ಊದ್ರಿ. ಎಳಕೋಬ್ಯಾಡ್ರಿ. ಬರೇ ಬಿಡ್ರಿ."

ಕಾಕಾ ಗೋಡೆಗೆ ಒರಗಿ ಕೂತು ಉಸಿರು ಬಿಟ್ಟರು. ದಣಿದಾಗ ಕಾಕು ಊದಿದರು. ಮತ್ತೆ ಕಾಕಾ. ಬಹಳ ಹೊತ್ತಿನ ಮೇಲೆ ನೋಡಿದರೆ ಹರಳಿನ ಮೂಲೆ ಇದ್ದಲ್ಲೇ ಇತ್ತು. ಸವೆಯುವುದು ನಿಂತಿತ್ತು. ಅವರ ರಕ್ತದಿಂದ ಬಂದ ಹರಳನ್ನು ಅವರ ಉಸಿರೇ ಹಿಡಿದು ನಿಲ್ಲಿಸಿತ್ತು. ನಾನು ಅದನ್ನು ಅದರದೇ ಹನಿಯೊಂದಿಗೆ ಕೂದಲಿನಂಥ ಗಾಜಿನ ನಳಿಗೆಯೊಳಗೆ ಎಳೆದುಕೊಂಡು, ನಳಿಗೆಯೊಳಕ್ಕೂ ಒಂದು ಉಸಿರು ಊದಿಸಿ, ಎರಡೂ ತುದಿಗೆ ಮೇಣ ಹಾಕಿದೆ.

ಬೆಂಗಳೂರಿನಲ್ಲಿ ಆ ಒಂದೇ ಹರಳಿನಿಂದ ಫೋಟೋಗಳು ಬಂದವು. ಕಪ್ಪು ಚುಕ್ಕೆಗಳ ಸಾಲುಗಳನ್ನು ನೋಡಿ ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಎಲ್ಲಿ ಬೆಳೆಸಿದಿರಮ್ಮ ಇದನ್ನ?" ಎಂದರು. ಜೋಳದ ಕಣಜದಲ್ಲಿ ಎಂದೆ. ತಮಾಷೆ ಅಂದುಕೊಂಡರು. ಚುಕ್ಕೆಗಳ ಕಡುಪನ್ನು ಅಳೆದು, ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ, ಬಂದ ಅಂಕಿಗಳಿಂದ ಪಾರದರ್ಶಕ ಹಾಳೆಗಳ ಮೇಲೆ ಗೆರೆ ಎಳೆಯುವಷ್ಟರಲ್ಲಿ ತಿಂಗಳುಗಳೇ ಹೋದವು. ಒಂದೊಂದು ಹಾಳೆ ಕಿಣ್ವದ ಒಂದೊಂದು ಪದರ. ಒಂದರ ಮೇಲೊಂದು ಜೋಡಿಸಿ ಕೆಳಗಿನಿಂದ ದೀಪ ಹಾಕಿ ಮೇಲಿಂದ ಬಗ್ಗಿದರೆ ಆ ತಗ್ಗು ಕಾಣುತ್ತಿತ್ತು. ಸುತ್ತ ಗೋಡೆ, ಕಿರಿದಾದ ಬಾಯಿ, ತಳದಲ್ಲಿ ಸತು. ಸತುವಿಗೆ ಅಂಟಿಕೊಂಡು, ಒಂದು ಬದಿಗೆ ಮುದುಡಿ, ನಮ್ಮ ಬಿರಡೆ.

ದಸರೆಯ ರಜೆಯಲ್ಲಿ ಹಾಳೆಗಳನ್ನು ಕಲಾದಗಿಗೆ ಒಯ್ದೆ. ಕಾಕಾ ನೋಡಲೆಂದು, ನನ್ನ ಸಂಭ್ರಮಕ್ಕೆ. ಅಂಗಳದಲ್ಲಿ ಮಣೆಯ ಮೇಲೆ ಬಿಳಿ ಅರಿವೆ ಹಾಸಿ ಹಾಳೆಗಳನ್ನು ಪೇರಿಸಿದೆ. ಅವರು ಎರಡೂ ಕೈ ಮೊಣಕಾಲಿಗೆ ಊರಿ ಬಗ್ಗಿದರು. ಬಗ್ಗಿದವರು ಏಳಲಿಲ್ಲ.

"ತಳದಾಗ ಯಾರೋ ಮಲಗ್ಯಾರಲ್ರಿ."

"ಅದು ಬಿರಡೆ ಕಾಕಾರ. ನಾ ಹಾಕಿದ ಔಷಧ."

"ಅಂವ ಹಿಂಗ ಮಲಗಿದ್ದ. ಹಿಂಗ, ಒಂದು ಮಗ್ಗಲಾಗಿ. ಮ್ಯಾಲಿಂದ ಹಿಂಗ ಕಾಣ್ತಿದ್ದ." ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನನ್ನ ರಕ್ತದಾಗ ಎಲ್ಲಾದ್ರಾಗೂ ಹಿಂಗ ಐತೇನ್ರಿ?"

"ಇಲ್ರಿ. ನಿಮ್ಮೊಳಗಿನ ಯಾವುದರಾಗೂ ಇಲ್ಲ."

"ಹಂಗಾರ ಅಂವನ್ನ ಮ್ಯಾಲ ತಗೀರಿ."

ಅದು ಮನುಷ್ಯನಲ್ಲ, ಎಲೆಕ್ಟ್ರಾನುಗಳ ಸಾಂದ್ರತೆಯ ಗೆರೆಗಳು ಎಂದು ಹೇಳಬಹುದಿತ್ತು. ಹೇಳುವ ಮನಸ್ಸಾಗಲಿಲ್ಲ. ಒಂದೊಂದೇ ಹಾಳೆ ಎತ್ತಿದೆ. ಬಿರಡೆ ಇದ್ದ ಹಾಳೆಗಳು ಮೂರು. ಅವನ್ನು ಬೇರೆ ಇಟ್ಟು, ಉಳಿದವನ್ನು ಮತ್ತೆ ಪೇರಿಸಿದೆ. ಕಾಕಾ ಮುಖ ತಿರುಗಿಸಿ ನಿಂತಿದ್ದರು. ನೋಡಲು ಬಂದದ್ದು ಕಾಕು. ಅಷ್ಟು ದಿನ ನನ್ನ ಯಾವ ಸಾಮಾನಿಗೂ ಕಣ್ಣು ಹಾಕದಿದ್ದ ಅವರು ಸೆರಗು ಹಿಂದೆ ಸರಿಸಿ, ಬಗ್ಗಿ, ತಳದವರೆಗೂ ನಿಧಾನವಾಗಿ ನೋಡಿದರು.

"ಖಾಲಿ ಐತಿ" ಎಂದರು ಗಂಡನಿಗೆ. "ನೀ ಅಂವನ್ನ ತಗದಿ."

ಕಾಕಾ ಅಲ್ಲೇ ನೆಲದ ಮೇಲೆ ಕೂತು, ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಆ ಮೂರು ಹಾಳೆಗಳನ್ನು ಬೇರೆ ಅರಿವೆಯಲ್ಲಿ ಸುತ್ತಿದೆ. ಬೆಂಗಳೂರು ಮುಟ್ಟುವವರೆಗೂ ಅವನ್ನು ಉಳಿದವುಗಳ ಜೊತೆ ಸೇರಿಸಲಿಲ್ಲ.